ಕಡವಿನ ಕೂಲಿ

ಟ್ಸುಂಬ್ರುನ್ ಎಂಬ ಸ್ವಿಸ್ ಚಿತ್ರಗಾರ
ನಮ್ಮಜ್ಜನ ದೋಣಿಯಲ್ಲಿ ಕೂತು
ಚಂದ್ರಗಿರಿ ಹೊಳೆಯನ್ನು ಹನ್ನೊಂದು ದಿನ ಬರೆದ.

ಏಳಾಣೆ ಬಾಕಿ. ಬದಲಿಗೆ ಕೊಟ್ಟದ್ದು ಒಂದು ಹಾಳೆ:
ಹೊಳೆ, ತೆಂಗು, ಆಚೆ ದಡದ ಹಿಂದೆ
ಇಲ್ಲದ ಒಂದು ಬೆಟ್ಟ.

"ಇದಕ್ಕೆ ಬಣ್ಣವನ್ನೇ ಹಚ್ಚಿಲ್ಲವಲ್ಲ ದೊರೆ?"
"ಹಿಮ, ಮಮ್ಮುಂಞಿ. ಅದನ್ನು ಬರೆಯುವುದಿಲ್ಲ.
ಸುತ್ತ ಬರೆದು
ಬಿಟ್ಟುಬಿಡುತ್ತೇವೆ."

ಬಿಟ್ಟ ಜಾಗಕ್ಕೆ ಅಜ್ಜ
ಮೂರಾಣೆ ಕೇಳಿ ಪಡೆದರಂತೆ.

ಅಡುಗೆಮನೆಯ ಗೋಡೆಯಲ್ಲಿ
ಬೂತಾಯಿ ಹುರಿದ ಹೊಗೆ,
ಅರುವತ್ತು ಮಳೆಗಾಲದ ಪಸೆ ಕುಡಿದು
ಹಾಳೆ ಕೆಂಪಗಾಯಿತು.
ಹೊಳೆಯನ್ನು ಗೆದ್ದಲು ತಿಂದಿತು, ದೋಣಿ ಸಮೇತ.
ಬೆಟ್ಟ ಉಳಿದಿದೆ,
ಥೇಟು ಚೆಮ್ನಾಡಿನ ಮುರಕಲ್ಲು.

ಮೀನು ತರುವ ಬೀಫಾತಿಮ್ಮ ಮೊನ್ನೆ
ಬುಟ್ಟಿ ಇಳಿಸದೆ ದಿಟ್ಟಿಸಿ ಹೇಳಿದಳು:
ಇದರ ಆಚೆ ಬದಿ
ನನ್ನ ತವರು.