ಇಲ್ಲದ ಕಾಲಂ

ಔಲು ಪಟ್ಟಣ, ಜನವರಿ, ಮಧ್ಯಾಹ್ನ ಎರಡೂವರೆ.
ಸೂರ್ಯ ಆಗಲೇ ಅಂಗಡಿ ಮುಚ್ಚುತ್ತಿದ್ದಾನೆ.
ನಾನು ಕೋಷ್ಟಕ ಹಾಕುತ್ತಿದ್ದೇನೆ:
ಅಡ್ಡಕ್ಕೆ ಆಂಡ್ರಾಯ್ಡು, ಐಫೋನು, ವಿಂಡೋಸು, ಮ್ಯಾಕು, ಲಿನಕ್ಸು;
ಉದ್ದಕ್ಕೆ, ಒಮ್ಮೆ ಬರೆ ಸಾಕು, ಎಲ್ಲೆಲ್ಲೂ ಓಡುತ್ತೇನೆ
ಎಂದು ಆಣೆಯಿಡುವ ಫ್ರೇಮ್‌ವರ್ಕುಗಳು.

ಕೆಲಸ ಸಣ್ಣದು. ಸಮುದ್ರ ಹೆಪ್ಪುಗಟ್ಟಿದ ಮೇಲೆ
ದ್ವೀಪಕ್ಕೆ ನೀರಿನ ಬೆನ್ನ ಮೇಲೇ ದಾರಿ.
ಇವತ್ತು ಗಡ್ಡೆ ಎಷ್ಟು ದಪ್ಪ, ಎಷ್ಟು ಭಾರ ತಡೆದೀತು,
ಬಿರುಕು ಎಲ್ಲಿ,
ಇಷ್ಟು ಎಲ್ಲರ ಪರದೆಯಲ್ಲೂ ಕಾಣಬೇಕು.
ಬ್ರೆಡ್ಡಿನ ವ್ಯಾನಿನವನ ಫೋನಲ್ಲಿ, ಟೀಚರಮ್ಮನ ಮ್ಯಾಕಲ್ಲಿ,
ದಕ್ಕೆಯ ಕಚೇರಿಯ ಧೂಳು ಹಿಡಿದ ಲಿನಕ್ಸಲ್ಲಿ.
ಎಲ್ಲರ ಅಂದರೆ ಎಲ್ಲರ,
ಅಂದಿದ್ದಾಳೆ ದಕ್ಕೆಯ ಸೈಮಿ.

ಫ್ಲಟರಿಗೆ ಐದೂ ಟಿಕ್ಕು.
ಒಳ್ಳೆಯ ಹುಡುಗ; ಆದರೆ ಯಾರ ಮನೆಗೆ ಹೋದರೂ
ತನ್ನ ಬಣ್ಣದ ಡಬ್ಬ ತಾನೇ ಹೊತ್ತು ತರುತ್ತಾನೆ.
ರಿಯಾಕ್ಟ್ ನೇಟಿವ್‌ಗೆ ಎರಡು ಗಟ್ಟಿ,
ಮಿಕ್ಕಿದ್ದು ಬೇರೆಯವರು ಕೊಟ್ಟ ಕೈಗಡ.
ಮಾವಿ ನಾಲ್ಕು ಮನೆ ಸುತ್ತಿ
ಲಿನಕ್ಸಿನ ಬಾಗಿಲಿಗೆ ಬಂದೊಡನೆ ಚಪ್ಪಲಿ ಹುಡುಕುತ್ತದೆ.
ಕ್ಯೂಟ್, ಹಳೆಯ ಪರಿಚಯ.
ಅದರ ಐದನೆಯ ಟಿಕ್ಕಿಗೆ
ನನ್ನ ಬೆರಳು ಯಾಕೋ ಒಂದು ಚಣ ತಡೆಯಿತು.

ಟಿಕ್ಕು ಹಾಕುವುದು ಸುಲಭ.
ಪರದೆ ಆರಿದ ಮೇಲೂ ಒಂದು ಗಂಟೆ
ಎಚ್ಚರವಿರಿ ಎಂದು ಹೇಳಿ ನೋಡಿ,
ಎತ್ತು ಏರಿಗೆ, ಕೋಣ ನೀರಿಗೆ.
'ಬೆಂಬಲವಿದೆ' ಎಂಬ ಮಾತಿನ ಪಕ್ಕ ಒಂದು ನಕ್ಷತ್ರ,
ನಕ್ಷತ್ರದ ಕೆಳಗೆ ಸಣ್ಣಕ್ಷರ,
ಸಣ್ಣಕ್ಷರದ ಕೆಳಗೆ ನೀರು.

ಶುಕ್ರವಾರ ಟೌನೊ ಜೊತೆ ಹೋದೆ. ಗಡ್ಡೆ ಅಳೆಯುವವನು.
ಬೈರಿಗೆ ತಿರುವಿ ತೂತು ಕೊರೆದ,
ಕೊಕ್ಕೆಯ ಕೋಲು ಇಳಿಸಿದ,
ಕೆಳಗಂಚಿಗೆ ಸಿಕ್ಕಿಸಿ ಎಳೆದ. ನಲವತ್ತೊಂದು.
ನೂರು ಹೆಜ್ಜೆ. ಇನ್ನೊಂದು ತೂತು. ನಲವತ್ತು.
ಇನ್ನೂ ನೂರು. ಮೂವತ್ತಮೂರು.
ಇಲ್ಲಿ ಮಾತ್ರ ಎರಡು ಸಲ ಅಳೆದ.
'ಕಣ್ಣಿಗೆ ಎಲ್ಲಾ ಒಂದೇ ಬಿಳಿ' ಅಂದೆ.
'ಅದಕ್ಕೇ ಕೊರೆಯೋದು.'

ಆಮೇಲೆ ಕೈಗವಸು ಹಲ್ಲಲ್ಲಿ ಕಚ್ಚಿ ಎಳೆದು
ಜೇಬಿಂದ ಫೋನು ತೆಗೆದ.
ಕಪ್ಪು, ದುಂಡು ಮೂಲೆ, ಗೀರುಬಿದ್ದ ಗಾಜು.
ಹಿಡಿಯದೆಯೇ ಅದರ ತೂಕ ನನಗೆ ಗೊತ್ತು.
ಒಂದು ಬೇಸಿಗೆಗೆ ಅಂಗಡಿಗೆ ಬಂದು
ಮುಂದಿನ ಬೇಸಿಗೆಗೆ ಹೆಸರಿಲ್ಲದಂತಾದದ್ದು.
ಅದರ ಅಲಾರಂ ನಾನು ಬರೆದದ್ದು.
ಫೋನು ಆರಿಸಿ ಮಲಗಿದ್ದರೂ
ಹೊತ್ತಿಗೆ ಸರಿಯಾಗಿ ತಾನೇ ಎದ್ದು ಕೂಗಬೇಕೆಂದು
ಎರಡು ಚಳಿಗಾಲ ಕೂತು ಬರೆದದ್ದು.
ಆಮೇಲೊಂದು ಬುಧವಾರ ಸಭೆ ಕರೆದರು,
ಕಾಫಿ ಕೊಟ್ಟರು, ದಾಲ್ಚಿನ್ನಿ ಬನ್ನು ಕೊಟ್ಟರು,
ಕಾಲಂ ತೆಗೆದರು.

'ಇದಿನ್ನೂ ಓಡುತ್ತಾ?'
'ನಾಲ್ಕಕ್ಕೆ ಎಬ್ಬಿಸುತ್ತೆ. ಮಗಳು ಕೊಟ್ಟ ಹೊಸದು
ಇಲ್ಲಿಗೆ ಬಂದರೆ ಚಳಿಗೆ ಸತ್ತುಹೋಗುತ್ತೆ.'
ಹೆಬ್ಬೆರಳಲ್ಲಿ ಒತ್ತಿ ಒತ್ತಿ
ಸೈಮಿಗೆ ಮೂರು ಅಂಕಿ ಕಳಿಸಿದ, ಬರೀ ಮೆಸೇಜು.
ನಾನು ಹೇಳಲಿಲ್ಲ.
ತೂತಿನ ನೀರು ಆಗಲೇ
ತೆಳ್ಳಗೆ ಕೆನೆ ಕಟ್ಟುತ್ತಿತ್ತು.

ಸೋಮವಾರ ಕೋಷ್ಟಕಕ್ಕೆ ಆರನೆಯ ಕಾಲಂ ಸೇರಿಸಿದೆ.
ಮೇಲಿಂದ ಕೆಳಗಿನವರೆಗೆ ಬರೀ ಅಡ್ಡಗೆರೆ,
ಹಳೆಯ ಪರಿಚಯದ ಎದುರಿಗೂ:
'ಹಳೆಯ ಆವೃತ್ತಿ ಎಲ್ಲಾದರೂ ಉಳಿದಿದ್ದರೆ.'
ಯರ್ಕೊ ಬಗ್ಗಿ ನೋಡಿದ.
'ಇದು ಇನ್ನೂ ಬದುಕಿದೆಯಾ? ಎಷ್ಟು ಜನ ಬಳಸುತ್ತಾರೆ?'
ಒಬ್ಬ, ಅಂದೆ.
ಮಿಕ್ಕವರೆಲ್ಲ ಓದುವ ಅಂಕಿ
ಅವನು ಕಳಿಸುವುದು.

ಯರ್ಕೊ ಸುಮಾರು ಹೊತ್ತು ನಿಂತ.
ಕಾಲಂ ಅಳಿಸಲಿಲ್ಲ.
ಅಗಲ ಮಾತ್ರ ಸ್ವಲ್ಪ ಕಿರಿದು ಮಾಡಿದ.