ಮತ್ತು ಇತರರು

ನಮ್ಮ ಪ್ರೆಸ್ಸಿನ್ಯಾಗ ಕಟ್ಟಿಗೀ 'ಗೌ' ಒಂದಽ ಇತ್ತು,
ಎಡಕ ಸೀಳಿದ್ದು. ಮೇಣ ತುಂಬಿ ಮಸಿ ಹಚ್ಚತಿದ್ದೆ.
ರುದ್ರಗೌಡ ಹೊಂಬಳ ಅನ್ನೂ ಹೆಸರಿಗೆ
ಅದಽ ಬೇಕು.
ಗುಲಾಬಿ ಹಾಳಿ, ಕರೇ ಮಸಿ,
ಅರ್ಧ ಪೋಸ್ಟರು ಅವನ ಹೆಸರಽ.
ಅದರ ಕೆಳಗ ಚಂಪಾವತಿ ನರೇಗಲ್,
ಅದರ ಕೆಳಗ ಸೀನರಿ, ಕರೆಂಟಿನ ಮಿಂಚು, ಖರೇ ಮಳಿ,
ಎಲ್ಲಾ ಮುಗದು ಜಾಗಾ ಉಳದರ
ಇರಿವಿ ಸಾಲಿನಂಗ
ಮತ್ತು ಇತರರು.

ಚಂಪಾವತಿ ಒಮ್ಮೆ ಪ್ರೆಸ್ಸಿಗೇ ಬಂದ್ಲು,
ಕೈಯಾಗ ದರ್ಜಿ ಟೇಪು.
ಅವನ ಹೆಸರು ಅಳದ್ಲು, ತಂದು ಅಳದ್ಲು.
"ಒಂದೂವರಿ ಇಂಚು ಕಡಿಮಿ ಐತಿ ಮಾಸ್ತರ.
ಅಳೂದು ನಾನು, ಅಕ್ಷರ ಅವಂದು?"

ಅಳೂದಂದ್ರ ಅಂಥಿಂಥಾ ಅಳು ಅಲ್ಲ.
ಮೂರನೇ ಅಂಕದಾಗ ಬಡ್ಡಿ ಸಾಹುಕಾರನ ಕಾಲ ಹಿಡದು
"ಒಂದು ವಾರ, ಧಣೀ, ಒಂದಽ ವಾರ" ಅಂದರ
ಬೆಟಗೇರಿ ನೇಕಾರ ಹೆಣಮಕ್ಕಳು
ಸೆರಗಿನ ಗಂಟು ಬಿಚ್ಚಿ ಸ್ಟೇಜಿಗೆ ನಾಣ್ಯ ಒಗೀತಿದ್ರು,
ಆಕಿ ಸಾಲಾ ತೀರ್ಲಿ ಅಂತ.

ಟಾಂಗಾಕೂಟದ ಚಾದಂಗಡಿಯಾಗ
ಎಲ್ಲಾರ ಭವಿಷ್ಯ ಬರದಿಟ್ಟಿದ್ವಿ.
ಗೌಡ ಎರಡು ವರ್ಷದಾಗ ಪಿಚ್ಚರ್ ಹೀರೋ.
ಚಂಪಾವತಿ ಮದ್ರಾಸು, ಬಂಗಲೆ, ಎರಡು ನಾಯಿ.
ಮಲ್ಲೇಶಿ ಗಡಾದ ತನ್ನ ಸೈಕಲ್ಲಽ ಪಣಕ್ಕ ಇಟ್ಟ.
ನಾನು ಪಣ ಕಟ್ಟಲಿಲ್ಲ, ಅದಕಿಂತ ಹುಚ್ಚು ಕೆಲಸ ಮಾಡಿದೆ:
ಬಡಿಗೇರ ಈರಣ್ಣನ ಕಡಿಂದ
ಸಾಗವಾನಿಯೊಳಗ ಹೊಸಾ 'ಗೌ' ಕೆತ್ತಿಸಿದೆ, ಒಂದು ಗೇಣಿಂದು.
ಹೀರೋ ಆಗಿ ಊರಿಗೆ ಬರತಾನಲ್ಲ,
ಸೀಳಿದ ಅಕ್ಷರದಾಗ ಕರೀಬಾರದು.

ದಾವಲಸಾಬನ ಬಗ್ಗೆ ಯಾರೂ ಏನೂ ಅನ್ನಲಿಲ್ಲ.
ಅಂವ ಕುದರೀ ವೇಷದ ಹಿಂದಿನ ಕಾಲು.
ಮಾರಿ ಕಂಡವರಽ ಇಲ್ಲ, ಭವಿಷ್ಯ ಎಲ್ಲಿಂದ?

ಈಗ ನೋಡ್ರಿ.
ಮೊಮ್ಮಗ ಮೊಬೈಲಿನ್ಯಾಗ ಹಿಡದನಂತ,
ಅಜ್ಜ ಆಡಿಗೆ ಬೈಯೂದು.
ಆಡಿಗೆ ಬೈದು ಬೈದು ಲಕ್ಷ ಮಂದಿಗೆ ಕಾಕಾ ಆಗ್ಯಾನ.
ಅಂಗಡಿ ಓಪನಿಂಗಿಗೆ ಕಾಕಾನಽ ಬೇಕು,
ಮುಳಗುಂದ ನಾಕಾದಾಗ ಆಳೆತ್ತರದ ಫ್ಲೆಕ್ಸು, ಬರೇ ಮಾರಿ.
ಹೆಸರು ಬರದೇ ಇಲ್ಲ. ಮೊಳೆ ಜೋಡಿಸೂದು ಇಲ್ಲ.
ಚಾದಂಗಡಿಯಾಗ ಉಳದ ಮೂರು ಮಂದಿ ಅಂತಾರ,
"ಆವಾಗಽ ಅಂದಿದ್ವಿ ನಾವು,
ಆ ಹಿಂಗಾಲು ಬ್ಯಾರೇನಽ ಐತಿ ಅಂತ."

ಚಂಪಾವತಿ ಮದ್ರಾಸ್ ನೋಡಲಿಲ್ಲ.
ಬೆಟಗೇರಿಯೊಳಗ ಬೀಸಿ ನಡಸತಾಳ,
ಕೈಗಡಾನೂ ಕೊಡತಾಳ, ನೂರಕ್ಕ ಮೂರು.
ನಾಣ್ಯ ಒಗದವರ ಸೊಸ್ತೇರು ಈಗ ಆಕಿ ಕಟ್ಟೀಗೆ ಬಂದು
"ಒಂದು ವಾರ, ಅಕ್ಕಾರ" ಅಂತಾರ.
ಕೇಳಿ, ತುಸು ಹೊತ್ತು ಸುಮ್ಮನಿದ್ದು,
"ದನಿ ಹೊಟ್ಟಿಂದ ಬರಬೇಕವ್ವಾ" ಅಂತಾಳಂತ.
ವಾರ ಕೊಡತಾಳಂತ. ಬಡ್ಡಿ ಬಿಡೂದಿಲ್ಲ.
ರಸೀದಿ ಪುಸ್ತಕ ಮಾಡಸಾಕ ನನ್ನ ಕಡೇನಽ ಬಂದಿದ್ಲು.
ಹೆಸರು ಎಷ್ಟು ದೊಡ್ಡದಿರ್ಲಿ, ಕೇಳಿದೆ, ಟೇಪಿನ ನೆನಪಿಲೆ.
"ಹೆಸರು ಬ್ಯಾಡ ಮಾಸ್ತರ.
ಕೊಡಬೇಕಾದವರಿಗೆ ಗೊತ್ತೈತಿ."

ಗೌಡ ಬಸ್ ಸ್ಟ್ಯಾಂಡಿನ್ಯಾಗ ಕುಂದರತಾನ,
ಕಂಟ್ರೋಲ್ ರೂಮಿನ ಜಾಳಿಗೀ ಹಿಂದ.
ಪಿಚ್ಚರ್ ಯಾಕ ಆಗಲಿಲ್ಲ, ಒಬ್ಬೊಬ್ಬರು ಒಂದೊಂದು ಹೇಳತಾರ;
ನಾನು ಕೇಳಿಲ್ಲ.
ರಿಟಾಯರ್ ಆದರೂ ದಿನಗೂಲಿ ಮ್ಯಾಲ ಮತ್ತ ಕರದಾರ,
ದನಿ ಸಲುವಾಗಿ.
ಗಜೇಂದ್ರಗಡ ಅನ್ನೂವಾಗ 'ಗಡ'ದ ಮ್ಯಾಲ
ಇನ್ನೂ ಕೋಟೆ ಒಡೀತಾನ.
ಕಾಲೇಜು ಹುಡಿಗ್ಯಾರು ಕಿಸಕ್ಕಂತಾರ.
"ಮುಂಜಾನಿಂದ ಸಂಜೀತನಕ ಹೌಸ್‌ಫುಲ್ಲೋ ಮಾಸ್ತರ,
ಆದರ ಎಲ್ಲಾರೂ ಎದ್ದು ಹೋಗಾಕಽ ಬಂದವರು"
ಅಂದು ತಾನಽ ನಕ್ಕ ಒಮ್ಮೆ.

ಪ್ರೆಸ್ಸು ಮಾರಿದ ದಿನ
ಸೀಸ ಎಲ್ಲಾ ತೂಕಕ್ಕ ಹೋತು.
ಸಾಗವಾನಿ 'ಗೌ' ಮಾತ್ರ ಚೀಲದಾಗ ಇಟಗೊಂಡೆ.
ಮಸಿ ಮುಟ್ಟಿಲ್ಲ, ಮೂವತ್ತೆಂಟು ವರ್ಷ.
ಜಾಳಿಗೀ ಕೆಳಗ ಸರಿಸಿದೆ.

ಚಾಳೀಸು ಏರಿಸಿದ. ಆ ಕಡೆ, ಈ ಕಡೆ ತಿರುವಿದ.
"ಉಲ್ಟಾ ಐತಲ್ಲೋ ಇದು?"

ಅಚ್ಚಿನ ಅಕ್ಷರ ಹಂಗಽ ಇರತೈತಿ
ಅಂತ ಹೇಳಬೇಕಂದೆ.
ಅಷ್ಟರಾಗ ಗಡಿಯಾರ ನೋಡಿದ,
ಗುಂಡಿ ಒತ್ತಿದ, ಉಸಿರು ತುಂಬಿಕೊಂಡ:
ಕೋಟುಮಚಗಿ, ನರೇಗಲ್,
ಗಜೇಂದ್ರ–