ಕಾಲಂ ಹನ್ನೊಂದು

ದಿನಕ್ಕೆ ನಾನೂರು ರೂಪಾಯಿ, ಊಟ ನಮ್ಮದೇ.
ಕೊರಳಲ್ಲಿ ಗುರುತಿನ ಚೀಟಿ, ಬಗಲಲ್ಲಿ ರಟ್ಟು,
ರಟ್ಟಿನ ಮೇಲೆ ಹದಿನಾಲ್ಕು ಪ್ರಶ್ನೆ.
ಶಿವಮೊಗ್ಗದ ಹೊಳೆದಂಡೆ ಕೇರಿಗೆ ನನ್ನನ್ನು ಕಳಿಸಿದ್ದು
ಜೂನ್ ಮೊದಲ ವಾರ. ತುಂಗೆ ಇನ್ನೂ
ಬಂಡೆಗಳ ಸಂದಿಯಲ್ಲಿ,
ಬಟ್ಟೆ ಒಗೆಯುವವರ ಮಾತಿಗೆ ಹೂಂಗುಡುತ್ತ ಮಲಗಿದ್ದಳು.

ಕಾಲಂ ಹನ್ನೊಂದು:
ಪ್ರವಾಹದ ಅಪಾಯವನ್ನು ನೀವು ಹೇಗೆ ಗ್ರಹಿಸುತ್ತೀರಿ?
ಹೆಚ್ಚು. ಮಧ್ಯಮ. ಕಡಿಮೆ.
ಒಂದಕ್ಕೆ ಮಾತ್ರ ಗುರುತು ಹಾಕಿ.

ಟೈಲರ್ ಮಕಬೂಲ್ ಸಾಬರು ಕನ್ನಡಕ ಹಣೆಗೇರಿಸಿ
"ಗ್ರಹಿಸೋದು ಅಂದ್ರೆ?" ಅಂದರು.
ನನಗೂ ಸರಿಯಾಗಿ ಗೊತ್ತಿರಲಿಲ್ಲ.
"ಹೆದರಿಕೆ ಆಗುತ್ತಾ, ಅಂತ."
ಅವರು ಗೋಡೆ ತೋರಿಸಿದರು.
ಸೊಂಟದೆತ್ತರಕ್ಕೊಂದು ಕಂದು ಗೆರೆ,
ಎರಡು ಸಲ ಸುಣ್ಣ ಬಳಿದರೂ ಒಳಗಿಂದ ಮತ್ತೆ ಮೂಡಿದ್ದು.
ಹೊಲಿಗೆ ಯಂತ್ರ ಆಗಲೇ ನಾಲ್ಕು ಸೈಜುಗಲ್ಲು ಹತ್ತಿತ್ತು,
ಸಾಬರು ಎತ್ತರದ ಸ್ಟೂಲು ಹತ್ತಿದ್ದರು.
ದೀಪಾವಳಿ ತನಕ ಕೇರಿಯ ಲಂಗ, ಪೈಜಾಮ, ಶಾಲೆಯ ಚಡ್ಡಿ
ಎಲ್ಲವೂ ಗೆರೆಗಿಂತ ಮೇಲೇ ಹೊಲಿಗೆಯಾಗಬೇಕು.

"ಮಧ್ಯಮ" ಅಂತ ಬರೆದುಕೊಂಡೆ.

ಮೂರು ಮನೆ ದಾಟಿದರೆ ಬಚ್ಚಿಯಕ್ಕ.
ಗಂಗೊಳ್ಳಿಯವಳು. ಬಂಗುಡೆ ಬುಟ್ಟಿಯ ಜೊತೆ
ಲಾರಿಯಲ್ಲಿ ಘಾಟಿ ಹತ್ತಿ ಮೂವತ್ತೆರಡು ವರ್ಷ.
ಮಾತು ಮಾತ್ರ ಹತ್ತಿಲ್ಲ, ಅಲ್ಲೇ ಕೆಳಗಿದೆ.
"ಕಡ್ಲ್ ಬ್ಯಾಡ ಅಂದ್ಹೇಳಿ ಗಟ್ಟಕ್ಕೆ ಬಂದದ್ದ್ ನಾನ್.
ಇಲ್ಲ್ ಕಂಡ್ರೆ ಹೊಳಿಯೇ ಮನಿಗ್ ಬತ್ತ್!"
ಅಂದು ನಕ್ಕಳು, ಮೀನು ಕೊಯ್ಯುವ ಕತ್ತಿ ಬದಿಗಿಟ್ಟು,
ಕಣ್ಣಲ್ಲಿ ನೀರು ಬರುವಷ್ಟು.

ನಗುವವರಿಗೆ ಹೆದರಿಕೆ ಇರುವುದಿಲ್ಲ ಅಂತ
ತರಬೇತಿಯಲ್ಲಿ ಯಾರೂ ಹೇಳಿರಲಿಲ್ಲ.
ಆದರೂ ನನ್ನ ಪೆನ್ನು "ಕಡಿಮೆ"ಯ ಮೇಲೆ ಹೋಯಿತು.

ಆಮೇಲೆ ಹೇಳಿದಳು, ಪೆನ್ನಿಗೆ ಮುಚ್ಚಳ ಹಾಕಿದ ಮೇಲೆ:
ಕಡಲು ಬರುವ ಮುಂಚೆ ಗಾಳಿಯ ನಾತ ಬದಲಾಗುತ್ತದಂತೆ,
ಸದ್ದು ತೆಂಕಣದಿಂದ ಬಡಗಣಕ್ಕೆ ಹೊರಳುತ್ತದಂತೆ.
ಇಲ್ಲಿಯ ಹೊಳೆಗೆ ಗಾಜನೂರಿನ ಗೇಟು, ಆಟೋದ ಮೈಕು.
ಮೈಕು ಬರುವಷ್ಟರಲ್ಲಿ ಅರ್ಧ ಕೇರಿ ಒದ್ದೆ.
"ಹೊಳಿ ಎದ್ರ್ ಬಾಗ್ಲಂಗ್ ಬತ್ತಿಲ್ಲೆ ಮಗಾ,
ಬಚ್ಚಲಂಗ್ ಬತ್ತ್."
ಆಟಿ ತಿಂಗಳು ಪೂರ್ತಿ ಅವಳು ಮಲಗುವುದು
ಬಚ್ಚಲ ತೂಬಿನ ಕಡೆ ಕಿವಿ ಮಾಡಿ.
ತೂಬು ಒಮ್ಮೆ ಗುಳುಕ್ ಅಂದರೆ ಮರಳಿನ ಚೀಲ,
ಎರಡು ಸಲ ಅಂದರೆ ಹಗ್ಗ.

ಜಂತಿಗೆ ದೋಣಿಯ ಹಗ್ಗದ ಸಿಂಬಿ,
ಬಣ್ಣ ಹೋದ ಬಲೆಯ ಬೆಂಡುಗಳು,
ಸಿಗಡಿ ಡಬ್ಬಿಯಲ್ಲಿ ರೇಷನ್ ಕಾರ್ಡು, ಗಂಡನ ಫೋಟೋ.
ಕೇರಿಯ ಹುಡುಗರಿಗೆಲ್ಲ ಅವಳು ಕಲಿಸಿದ ಒಂದು ಗಂಟಿದೆ,
ಎಳೆದಷ್ಟೂ ಬಿಗಿ, ತಿರುವಿದರೆ ಸಡಿಲ.
ನನಗೂ ತೋರಿಸಿದಳು. ಬರಲಿಲ್ಲ.
ಗಂಟಿಗೆ ಕಾಲಂ ಇರಲಿಲ್ಲ.

ಆಗಸ್ಟಿನಲ್ಲಿ ಊರೆಲ್ಲ ಸೇತುವೆ ಮೇಲೆ.
ಹೆಗಲ ಮೇಲೆ ಮಕ್ಕಳು, ಕೈಯಲ್ಲಿ ಸುಟ್ಟ ಜೋಳ,
"ಮುಳುಗ್ತಾ?" "ಇನ್ನೂ ತುದಿ ಕಾಣ್ತಿದೆ ಮಾರಾಯ."
ಹೊಳೆ ನಡುವಿನ ಮಂಟಪ ಮುಳುಗುವುದು
ನಮಗೊಂದು ವರ್ಷಾವಧಿ ಲೆಕ್ಕ.
ನಾನೂ ಮೊಬೈಲು ಹಿಡಿದು ನಿಂತಿದ್ದೆ.
ಕೆಂಪು ನೀರು ತುದಿಯನ್ನೂ ನುಂಗಿತು,
ಯಾರೋ ಸಿಳ್ಳೆ ಹಾಕಿದರು.

ಆಗ ದಂಡೆಯ ಕಡೆ ತಿರುಗಿದವನಿಗೆ ಕಂಡಿದ್ದು
ಕೇರಿಯ ಉದ್ದಕ್ಕೂ ಬಿಗಿದ ಒಂದು ಹಗ್ಗ,
ಹಗ್ಗ ಹಿಡಿದು ಸಾಲಾಗಿ ಹುಡುಗರು,
ಯಂತ್ರದ ತಲೆಯನ್ನು ಕೂಸಿನಂತೆ ಅಪ್ಪಿಕೊಂಡ ಸಾಬರು,
ಕೊನೆಯಲ್ಲಿ ತಲೆಮೇಲೆ ಸಿಗಡಿ ಡಬ್ಬಿ.
ಅವಳು ಮಂಟಪದ ಕಡೆ ನೋಡಲೇ ಇಲ್ಲ.

ವರದಿ ಬಂತು, ಬಣ್ಣದ ಚಿತ್ರಗಳ ಸಮೇತ.
ಅಪಾಯದ ಅರಿವು ಕಡಿಮೆ ಇರುವವರು: ನೂರಕ್ಕೆ ನಲವತ್ತೊಂದು.
ಆ ನಲವತ್ತೊಂದರಲ್ಲಿ ಬಚ್ಚಿಯಕ್ಕ ಇದ್ದಾಳೆ,
ನನ್ನ ಕೈಬರಹದಲ್ಲಿ.

ನನ್ನ ಮನೆ ವಿನೋಬನಗರದಲ್ಲಿ, ಎರಡನೇ ಮಹಡಿ.
ಹೊಳೆ ಅಲ್ಲಿಯ ತನಕ ಬಂದದ್ದಿಲ್ಲ.
ಆದರೂ ರಾತ್ರಿ ಬಚ್ಚಲಲ್ಲಿ ಗುಳುಕ್ ಅಂದರೆ
ಎದ್ದು ಕೂರುತ್ತೇನೆ.
ಮೇಲಿನ ಮನೆಯವರು ಪಾತ್ರೆ ತೊಳೆಯುತ್ತಿರುತ್ತಾರೆ, ಅಷ್ಟೆ.
ದಾರದ ತುಂಡು ಹುಡುಕಿ
ಆ ಗಂಟು ಇನ್ನೊಮ್ಮೆ ಹಾಕಿ ನೋಡುತ್ತೇನೆ.